ಅಂಚೆಯಲ್ಲಿ ತರಿಸಿದ ರಾತ್‌ಚೈಲ್ಡಿಯಾ ಗೂಡುಗಳು: ಕೊಳ್ಳುವವರಿಗೊಂದು ವಿಮರ್ಶೆ

ಅರ್ಜೆಂಟೀನಾ, ಉರುಗ್ವೆ ಮತ್ತು ದಕ್ಷಿಣ ಬ್ರೆಜಿಲ್‌ಗಳ ಕಾಡು ರೇಷ್ಮೆ ಪತಂಗವಾದ ರಾತ್‌ಚೈಲ್ಡಿಯಾ ಜಾಕೊಬೇಯೆಯ ಜೀವಂತ ಗೂಡುಗಳನ್ನು ಇಂಗ್ಲೆಂಡಿನಲ್ಲಿ ಸಾಕಣೆದಾರರೊಬ್ಬರಿಂದ ಅಂಚೆಯ ಮೂಲಕ ತರಿಸಿಕೊಂಡೆ. ಗೂಡುಗಳ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ಪಾಚಿಯ ನಡುವೆ ಹದವಾಗಿ ಇರಿಸಿ ಕಳಿಸಿದ್ದ ಅವು ಕೈಯಲ್ಲಿ ತೂಕವಾಗಿದ್ದವು. ಮೆಲ್ಲಗೆ ಅಲುಗಿಸಿದರೆ ಒಣ ಸಿಪ್ಪೆಯ ಗಲಗಲ ಸದ್ದಾಗದೆ ತುಂಬಿದ ಕೋಶ ತಟ್ಟುತ್ತಿತ್ತು.

ರಾಮನಗರದ ಮಾರುಕಟ್ಟೆಯ ಗೂಡುಗಳನ್ನು ಕಂಡವರಿಗೆ ಇವುಗಳ ರಚನೆ ಹೊಸದೆನಿಸುತ್ತದೆ. ಕೊಂಬೆಗೆ ನೇತುಹಾಕಿಕೊಳ್ಳಲು ಹುಳು ರೇಷ್ಮೆಯದೇ ಒಂದು ತೊಟ್ಟನ್ನು ನೇಯುತ್ತದೆ, ಮೇಲ್ತುದಿಯಲ್ಲಿ ಹೊರಬರಲು ಸಡಿಲವಾದ ಬಾಯಿಯನ್ನು ಬಿಡುತ್ತದೆ. ಹಾಗಾಗಿ ಹಿಪ್ಪುನೇರಳೆ ಗೂಡಿನಂತೆ ಇದರಿಂದ ಉದ್ದನೆಯ ಒಂದೇ ಎಳೆಯನ್ನು ಬಿಚ್ಚಲಾಗದು. ಬಾಯಿ ತೆರೆದ ಗೂಡಿನಿಂದಲೇ ಸಿಗುವ ಎರಿ ಎಂಬ ರೇಷ್ಮೆಯಂತೆ ನೂಲಬೇಕಾಗುತ್ತದೆ.

ಕೊಟ್ಟ ಹಣ ಸಾರ್ಥಕವಾಗುವುದು ಪತಂಗ ಹೊರಬಂದಾಗ. ಕೆಂಗಂದು ಬಣ್ಣದ ನಾಲ್ಕೂ ರೆಕ್ಕೆಗಳ ನಡುವೆ ಹುರುಪೆಯೇ ಇಲ್ಲದ ಒಂದೊಂದು ಪಾರದರ್ಶಕ ತ್ರಿಕೋನವಿದೆ. ಪತಂಗ ಕಿಟಕಿಯ ಗಾಜಿನ ಮೇಲೆ ಕುಳಿತಾಗ ಅದರ ಮೂಲಕ ಹೊರಗಿನ ಬೇಲಿಯ ಎಲೆಗಳನ್ನೇ ನೋಡಬಹುದಿತ್ತು. ಗಂಡಿನ ಮೀಸೆಗಳು ಹಕ್ಕಿಯ ಗರಿಯಂತೆ ಅಗಲವಾಗಿವೆ, ಏಕೆಂದರೆ ರಾತ್ರಿ ಹೆಣ್ಣು ಗಾಳಿಗೆ ಬಿಡುವ ವಾಸನೆಯನ್ನು ದೂರದಿಂದಲೇ ಹಿಡಿಯುವ ಅಂಗ ಅದೇ. ಇವಕ್ಕೆ ಉಣ್ಣಲು ಬಾಯಿಯಿಲ್ಲ. ಹುಳುವಾಗಿದ್ದಾಗ ತಿಂದು ಕೂಡಿಟ್ಟುಕೊಂಡದ್ದರಲ್ಲೇ ಸುಮಾರು ಒಂದು ವಾರ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತವೆ. ಮೊಟ್ಟೆಯೊಡೆದ ಮರಿಗಳು ಇಲ್ಲಿನ ಬೇಲಿಗಳಲ್ಲಿ ಧಾರಾಳವಾಗಿ ಸಿಗುವ ಪ್ರಿವೆಟ್ ಎಂಬ ಬೇಲಿಗಿಡದ ಸೊಪ್ಪನ್ನು ಮೇದು, ನಾಲ್ಕು ಜ್ವರ, ಎಂದರೆ ಪೊರೆ ಕಳಚುವ ಹಂತಗಳನ್ನು ಕಳೆದು, ದಪ್ಪ ಹಸಿರು ಹುಳುಗಳಾಗಿ ಗೂಡು ಕಟ್ಟುವಷ್ಟು ಹಣ್ಣಾಗುತ್ತವೆ.

ನನ್ನ ತಕರಾರಿರುವುದು ಗೂಡುಗಳ ಜೊತೆಗೆ ಬಂದ ಪೆಟ್ಟಿಗೆ ಮತ್ತು ಸೂಚನಾಪತ್ರದ ಬಗ್ಗೆ. ಹೊರಬಂದ ಪತಂಗ ಒರಟಾದುದೇನನ್ನಾದರೂ ಹಿಡಿದು ಮೇಲೇರಿ, ತೂಗುಬಿದ್ದು, ಒದ್ದೆ ರೆಕ್ಕೆಗಳಿಗೆ ದೇಹದ ದ್ರವವನ್ನು ತುಂಬಿ ಹರಡಿಕೊಳ್ಳಬೇಕು. ಆ ಹೊತ್ತು ತಪ್ಪಿದರೆ ರೆಕ್ಕೆ ಮತ್ತೆ ಸರಿಹೋಗುವುದಿಲ್ಲ. ಪೆಟ್ಟಿಗೆಯ ಗೋಡೆಗಳು ನುಣುಪಾದ ಪ್ಲಾಸ್ಟಿಕ್ಕಿನವಾದ್ದರಿಂದ ಒಂದು ಹೆಣ್ಣು ಮತ್ತೆ ಮತ್ತೆ ಜಾರಿ ಬಿದ್ದು, ಅದರ ರೆಕ್ಕೆಗಳು ಮುದುಡಿದಂತೆಯೇ ಒಣಗಿಹೋದವು. ಜೀವವನ್ನು ಮಾರುವವರು ಇಷ್ಟನ್ನಾದರೂ ಯೋಚಿಸಲೇಬೇಕು. ಗೂಡುಗಳಿಗೆ ಆಗಾಗ ನೀರು ಚಿಮುಕಿಸಬೇಕೆಂದು ಸೂಚನಾಪತ್ರ ಹೇಳುತ್ತದೆಯೇ ಹೊರತು, ಅವನ್ನು ತೂಗುಹಾಕಬೇಕೆಂದಾಗಲಿ, ಒಂದೇ ಕಂತಿನ ಗೂಡುಗಳು ಬೇರೆ ಬೇರೆ ಕಾಲಕ್ಕೆ ಒಡೆಯಬಹುದೆಂದಾಗಲಿ ಹೇಳುವುದಿಲ್ಲ. ಪರದೇಶದ ಈ ಪತಂಗವನ್ನು ಹೊರಗೆ ಬಿಡುವುದು ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೆಂಬುದೂ ಅದರಲ್ಲಿಲ್ಲ.

ಗೂಡುಗಳನ್ನು ನಿಸ್ಸಂಕೋಚವಾಗಿ ಕೊಳ್ಳಿ, ಪೆಟ್ಟಿಗೆಯನ್ನು ಬೇಡವೆನ್ನಿ. ಬಲೆಬಟ್ಟೆಯ ಎತ್ತರದ ಪಂಜರವೊಂದನ್ನು ಮೊದಲೇ ಸಿದ್ಧಮಾಡಿಕೊಂಡು, ಹತ್ತಿರದಲ್ಲಿ ಔಷಧಿ ಸಿಂಪಡಿಸದ ಪ್ರಿವೆಟ್ ಬೇಲಿ ಇದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ತರಿಸಿಕೊಳ್ಳಿ.