ಎದೆಪಟ್ಟಿಯೋ, ಎದೆಚೀಲವೋ?

ಹಕ್ಕಿ ನೋಡಲು ಬಳಸುವ 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನ) ಬೈನಾಕ್ಯುಲರ್ ಸಾಮಾನ್ಯವಾಗಿ 600ರಿಂದ 800 ಗ್ರಾಂ ತೂಗುತ್ತದೆ. ಕೊರಳಿಗೆ ನೇತುಹಾಕಿ ಮಲೆನಾಡಿನ ಏರು ಹತ್ತಿದರೆ ಮಧ್ಯಾಹ್ನದೊಳಗೆ ಕತ್ತು ಹಿಡಿಯುತ್ತದೆ. ಪರ್ಯಾಯ ಎರಡು: ಎದೆಪಟ್ಟಿ, ಎದೆಚೀಲ.

ಎದೆಪಟ್ಟಿ, ಅಂದರೆ ಬೆನ್ನ ಮೇಲೆ ಅಡ್ಡಹಾಯುವ ಎಲಾಸ್ಟಿಕ್ ಪಟ್ಟಿ, ಹಗುರ, ಅಗ್ಗ, ಸೆಕೆಗೆ ಹಿತ. ಹಕ್ಕಿ ಕಂಡೊಡನೆ ಬೈನಾಕ್ಯುಲರ್ ಕಣ್ಣಿಗೇರುತ್ತದೆ. ಆದರೆ ಬಗ್ಗಿದರೆ ಅದು ಮುಂದಕ್ಕೆ ಜೋತು ಬಂಡೆಗೆ ಬಡಿಯುತ್ತದೆ. ಮಳೆ, ಧೂಳಿನಿಂದ ರಕ್ಷಣೆಯಿಲ್ಲ.

ಮುಚ್ಚಳದ ಎದೆಚೀಲ ಬೈನಾಕ್ಯುಲರನ್ನು ಕಾಪಾಡುತ್ತದೆ. ನೋಟ್‌ಬುಕ್, ಸೀಟಿ, ಲೆನ್ಸ್ ಒರೆಸುವ ಬಟ್ಟೆಗೂ ಜಾಗ. ಮುಚ್ಚಳಕ್ಕೆ ಆಯಸ್ಕಾಂತವಿದ್ದರೆ ದಿಕ್ಸೂಚಿ ಮಾತ್ರ ಅಲ್ಲಿಡಬೇಡಿ, ಮುಳ್ಳು ದಿಕ್ಕು ತಪ್ಪುತ್ತದೆ. ವೆಲ್ಕ್ರೋ ಬೇಡವೇ ಬೇಡ: ಅದರ ಪರ್ರೆಂಬ ಸದ್ದಿಗೇ ಹಕ್ಕಿ ಹಾರಿಹೋದೀತು. ದೊಡ್ಡ ತೊಂದರೆ ಇಳಿಜಾರಿನಲ್ಲಿ. ಉಬ್ಬಿದ ಚೀಲ ಪಾದವನ್ನೇ ಮರೆಮಾಡುತ್ತದೆ. ಅಂಗಡಿಯಲ್ಲೇ ಬೈನಾಕ್ಯುಲರ್ ತುಂಬಿ, ಮೆಟ್ಟಿಲಿಳಿದು ನೋಡಿ.

ಯಾವುದಾದರೂ ಸರಿ, ಅದನ್ನು ಮೊದಲು ತೊಟ್ಟು ಮೇಲೆ ಬೆನ್ನುಚೀಲ ಏರಿಸಿ. ತಿರುವುಮುರುವಾದರೆ ನೀರು ಕುಡಿಯಲೂ ಎಲ್ಲ ಬಿಚ್ಚಬೇಕಾಗುತ್ತದೆ. ಪಟ್ಟಿಯಡಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ.

ಕೆರೆದಂಡೆಯ ಎರಡು ಗಂಟೆಯ ಸುತ್ತಾಟಕ್ಕೆ ಪಟ್ಟಿ ಧಾರಾಳ. ಜುಲೈನ ಆಗುಂಬೆಗಾದರೆ ಚೀಲವೇ, ಜೊತೆಗೆ ಮಳೆಹೊದಿಕೆ.