ಲೆಜ್‌ಇನ್ಫೋ: ಬಿಲ್ ಎಲ್ಲಿಗೆ ಬಂತು ಅಂತ ಹೇಳುವ ತಾಣ

ಕ್ಯಾಲಿಫೋರ್ನಿಯಾದಲ್ಲಿ ಇರುವ ಕನ್ನಡದವರು ಫೋನಿನಲ್ಲಿ ಇಟ್ಟುಕೊಳ್ಳಲೇಬೇಕಾದ ಒಂದು ವೆಬ್‌ಸೈಟ್ ಇದೆ. ಹೆಸರು ಕ್ಯಾಲಿಫೋರ್ನಿಯಾ ಲೆಜಿಸ್ಲೇಟಿವ್ ಇನ್ಫರ್ಮೇಷನ್. ಬಳಸುವವರೆಲ್ಲ ಲೆಜ್‌ಇನ್ಫೋ ಅಂತಾರೆ. ರಾಜ್ಯದ ಅಸೆಂಬ್ಲಿಯಲ್ಲಿ, ಸೆನೆಟ್‌ನಲ್ಲಿ ಮಂಡನೆಯಾಗುವ ಪ್ರತಿಯೊಂದು ಬಿಲ್ಲೂ ಇಲ್ಲಿ ಸಿಗುತ್ತದೆ. ದುಡ್ಡು ಕೊಡಬೇಕಾಗಿಲ್ಲ. ನಾನು ಫ್ರೀಮಾಂಟ್‌ನಲ್ಲಿ ಮನೆಯಲ್ಲೇ ಬಿಸಿಬೇಳೆಬಾತ್, ಅಕ್ಕಿ ರೊಟ್ಟಿ, ಅನ್ನ-ಸಾರು-ಪಲ್ಯದ ಊಟ ಮಾಡಿ ಮಾರುತ್ತೇನೆ. ನನ್ನ ವ್ಯಾಪಾರ ನಿಂತಿರುವುದೇ ಎರಡು ಬಿಲ್‌ಗಳ ಮೇಲೆ. ಅದಕ್ಕೇ ಈ ಸೈಟ್ ನನಗೆ ಬೇಕು.

ಮೊದಲನೆಯದು 2018ರ ಎಬಿ 626 (ಎಬಿ ಅಂದರೆ ಅಸೆಂಬ್ಲಿ ಬಿಲ್, ಎಸ್‌ಬಿ ಅಂದರೆ ಸೆನೆಟ್ ಬಿಲ್). ಅಸೆಂಬ್ಲಿ ಸದಸ್ಯ ಎಡ್ವಾರ್ಡೊ ಗಾರ್ಸಿಯಾ ತಂದಿದ್ದು. ಅದಕ್ಕೂ ಮುಂಚೆ ಮನೆಯಲ್ಲಿ ಮಾಡಿದ ಬ್ರೆಡ್ಡು, ಜಾಮು, ಮಸಾಲೆ ಪುಡಿ ಮಾರಬಹುದಿತ್ತು. ಬಿಸಿ ಊಟ ಮಾರುವ ಹಾಗಿರಲಿಲ್ಲ. ಈ ಕಾಯ್ದೆ ಬಂದ ಮೇಲೆ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಒಪ್ಪಿದರೆ, ಪರ್ಮಿಟ್ ತೆಗೆದುಕೊಂಡು ಮಾರಬಹುದು. ಮೊದಲು ಒಪ್ಪಿದ್ದು ರಿವರ್‌ಸೈಡ್ ಕೌಂಟಿ, ನಮ್ಮ ಅಲಮೀಡಾ ಆಮೇಲೆ. ಆದರೆ ಮಿತಿ ಇತ್ತು: ದಿನಕ್ಕೆ 30 ಊಟ, ವಾರಕ್ಕೆ 60 ಊಟ, ವರ್ಷಕ್ಕೆ 50,000 ಡಾಲರ್ ವ್ಯಾಪಾರ. ವಾರಕ್ಕೆ 60 ಅಂದರೆ ಎರಡು ದಿನ ಪೂರ್ತಿ ಅಡುಗೆ, ಉಳಿದ ಐದು ದಿನ ಒಲೆ ಆರಿಸಿ ಕೂರಬೇಕು. 2023ರ ಎಬಿ 1325 ಬಂದು ವಾರದ ಮಿತಿಯನ್ನು 90ಕ್ಕೆ, ವರ್ಷದ ವ್ಯಾಪಾರವನ್ನು 1,00,000 ಡಾಲರ್‌ಗೆ ಏರಿಸಿತು. ದಿನದ 30 ಹಾಗೇ ಉಳಿಯಿತು. ಅಂದರೆ ನನಗೆ ಮೂರನೆಯ ದಿನ ಸಿಕ್ಕಿತು. ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಒಂದು ಅಂಕಿ ಬದಲಾದರೆ ನಮ್ಮ ಮನೆಯ ತಿಂಗಳ ಲೆಕ್ಕವೇ ಬದಲಾಗುತ್ತದೆ.

ಸೈಟ್ ಬಳಸುವುದು ಸುಲಭ. ಬಿಲ್ ನಂಬರ್ ಹಾಕಿದರೆ ಪುಟ ತೆರೆಯುತ್ತದೆ, ಮೇಲೆ ಸಾಲಾಗಿ ಟ್ಯಾಬ್‌ಗಳು. ಹೊಸಬರಿಗೆ ನಾನು ಹೇಳುವುದು ಮೊದಲು 'ಹಿಸ್ಟರಿ' ಒತ್ತಿ ಅಂತ. ತಾರೀಕು, ಪಕ್ಕದಲ್ಲಿ ಒಂದು ಸಾಲು, ಅಷ್ಟೇ. 'ರೆಡ್ ಫಸ್ಟ್ ಟೈಮ್' ಅಂದರೆ ಮಂಡನೆ ಆಯಿತು. ಆಮೇಲೆ 'ಫ್ರಮ್ ಪ್ರಿಂಟರ್, ಮೇ ಬಿ ಹರ್ಡ್ ಇನ್ ಕಮಿಟಿ' ಅಂತ ಬಂದು ಮುಂದೆ ಒಂದು ತಾರೀಕು ಇರುತ್ತದೆ. ಆ ತಾರೀಕು ಸುಮ್ನೆ ಹಾಕಿದ್ದಲ್ಲ. ಬಜೆಟ್ ಬಿಲ್ ಬಿಟ್ಟು ಬೇರೆ ಯಾವ ಬಿಲ್ಲನ್ನೂ ಮಂಡನೆಯಾದ ಮೇಲೆ 30 ದಿನ ಕಳೆಯದೆ ಕಮಿಟಿ ಮುಟ್ಟಬಾರದು ಅಂತ ರಾಜ್ಯದ ಸಂವಿಧಾನದಲ್ಲೇ ಇದೆ. ಬೇಕಿದ್ದರೆ ಸದನ ನಾಲ್ಕರಲ್ಲಿ ಮೂರು ಪಾಲು ಮತದಿಂದ ಆ ನಿಯಮ ಸಡಿಲಿಸಬಹುದು. ಆ ಒಂದು ತಿಂಗಳು ಇರುವುದು ಜನ ಓದಲಿ ಅಂತ. ನಮ್ಮಂಥವರು ಅಷ್ಟರಲ್ಲಿ ಓದಿ ಮುಗಿಸಬೇಕು.

ಮುಂದಿನ ಸಾಲು 'ರೆಫರ್ಡ್ ಟು ಕಮಿಟಿ'. ಯಾವ ಬಿಲ್ ಯಾವ ಕಮಿಟಿಗೆ ಅಂತ ರೂಲ್ಸ್ ಕಮಿಟಿ ತೀರ್ಮಾನಿಸುತ್ತದೆ. ಕೆಲವು ಬಿಲ್‌ಗಳನ್ನು ಎರಡು ಕಮಿಟಿಗೆ ಕಳಿಸುತ್ತಾರೆ, ಎರಡು ಕಡೆಯೂ ಪಾಸಾಗಬೇಕು. ನನ್ನ ಪ್ರಕಾರ ಇಡೀ ಹಿಸ್ಟರಿಯಲ್ಲಿ ಮುಖ್ಯವಾದ ಸಾಲು ಇದೇ. ಯಾರಿಗೆ ಪತ್ರ ಬರೆಯಬೇಕು, ಯಾವ ವಿಚಾರಣೆಗೆ ಹೋಗಬೇಕು ಅಂತ ಗೊತ್ತಾಗುವುದು ಇಲ್ಲಿ. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಇದನ್ನು ತೋರಿಸಿದಾಗ, "ಅಕ್ಕಾ, ಅಲ್ಲಿ ಎಲ್ಲ ಬಿಲ್ಲೂ ಹೀಗೆ ಕಮಿಟಿಗೆ ಹೋಗುತ್ತಾ? ಇಲ್ಲಿ ಒಂದು ಹೋದರೆ ಅದೇ ದೊಡ್ಡ ಸುದ್ದಿ" ಅಂದ. ಅವನು ಹೇಳಿದ್ದು ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕದ ಬಗ್ಗೆ. 2024ರ ಜುಲೈನಲ್ಲಿ ಮಂಡನೆಯಾಗಿ, ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಜಂಟಿ ಸಮಿತಿಗೆ ಹೋಗಿ, 2025ರ ಮಾರ್ಚ್‌ನಲ್ಲಿ ಪಾಸಾಯಿತು. ಹಾಗೆ ಹೋಗಿದ್ದರಿಂದ ಜನ ಅದರ ಬಗ್ಗೆ ಮಾತಾಡೋಕೆ ಸಮಯ ಸಿಕ್ಕಿತು, ಅಲ್ವಾ? ಇಲ್ಲಿ ಅದೇ ದಿನನಿತ್ಯದ ಕ್ರಮ.

ಈ ಸೈಟಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ತಿದ್ದುಪಡಿ ತೋರಿಸುವ ರೀತಿ. ತೆಗೆದು ಹಾಕಿದ ಮಾತಿನ ಮೇಲೆ ಗೆರೆ ಎಳೆದು ಕೆಂಪು ಬಣ್ಣದಲ್ಲಿ ಬಿಟ್ಟಿರುತ್ತಾರೆ, ಅಳಿಸುವುದಿಲ್ಲ. ಹೊಸದಾಗಿ ಸೇರಿಸಿದ್ದು ನೀಲಿ ಓರೆ ಅಕ್ಷರದಲ್ಲಿ. 'ಕಂಪೇರ್ ವರ್ಷನ್ಸ್' ಒತ್ತಿದರೆ ಬೇಕಾದ ಹಳೆಯ ಪ್ರತಿಯನ್ನು ಹೊಸದರ ಜೊತೆ ಹೋಲಿಸಿ ನೋಡಬಹುದು. ಕಾನೂನು ಓದದವರಿಗೂ ಏನು ಹೋಯಿತು, ಏನು ಬಂತು ಅಂತ ಕಣ್ಣಿಗೆ ಕಾಣುತ್ತದೆ.

ಇದರ ಬೆಲೆ ಗೊತ್ತಾಗಬೇಕಾದರೆ 2023ರ ಎಸ್‌ಬಿ 403 ತೆಗೆದು ನೋಡಿ. ಜಾತಿ ತಾರತಮ್ಯದ ವಿರುದ್ಧ ಸೆನೆಟರ್ ಆಯಿಷಾ ವಹಾಬ್ ತಂದ ಬಿಲ್. ಆ ವರ್ಷ ಇಲ್ಲಿನ ಭಾರತೀಯರ ಮನೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಅದರದ್ದೇ ಮಾತು. ಪರ ಇದ್ದವರೂ ವಿರೋಧ ಇದ್ದವರೂ ತುಂಬಾ ನೊಂದುಕೊಂಡು ಮಾತಾಡಿದರು. ಮೊದಲ ಪ್ರತಿಯಲ್ಲಿ ಜಾತಿ ಒಂದು ಪ್ರತ್ಯೇಕ ಸಂರಕ್ಷಿತ ವರ್ಗ, ಅಂದರೆ ಅದರ ಆಧಾರದ ಮೇಲೆ ತಾರತಮ್ಯ ಮಾಡಬಾರದು ಅಂತ ಕಾನೂನು ಹೆಸರಿಸುವ ವಿಷಯ. ಅಸೆಂಬ್ಲಿಯಲ್ಲಿ ತಿದ್ದಿದ ಮೇಲೆ ಅದು ವಂಶಮೂಲ ಅನ್ನುವ, ಕಾನೂನಿನಲ್ಲಿ ಆಗಲೇ ಇದ್ದ ವರ್ಗದ ಒಳಗೆ ಬಂತು. ಇದು ಸಣ್ಣ ಬದಲಾವಣೆ ಅಲ್ಲ. ಆದರೂ ಗುಂಪುಗಳಲ್ಲಿ ಹಳೆಯ ಪ್ರತಿಯ ಸಾಲುಗಳೇ ಫಾರ್ವರ್ಡ್ ಆಗುತ್ತಲೇ ಇದ್ದವು. ಸೈಟಿನಲ್ಲಿ ಎರಡೂ ಇದ್ದವು, ಎರಡು ನಿಮಿಷದ ಕೆಲಸ. ಆ ವರ್ಷದ ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ವಿಟೋ ಮಾಡಿದರು. ಯಾಕೆ ಅಂತ ಅವರು ಬರೆದ ಪತ್ರವೂ ಅಲ್ಲೇ ಇದೆ. ನೀವು ಯಾವ ಕಡೆಯವರಾದರೂ ಸರಿ, ಮೂಲವನ್ನು ಓದಿ ಮಾತಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

'ಬಿಲ್ ಅನಾಲಿಸಿಸ್' ಟ್ಯಾಬ್ ಇನ್ನೊಂದು ನಿಧಿ. ಪ್ರತಿ ವಿಚಾರಣೆಗೂ ಕಮಿಟಿಯ ಸಿಬ್ಬಂದಿ ಒಂದು ಟಿಪ್ಪಣಿ ಬರೆಯುತ್ತಾರೆ: ಈಗ ಇರುವ ಕಾನೂನು ಏನು, ಬಿಲ್ ಏನು ಮಾಡುತ್ತದೆ, ತಂದವರು ಏನು ಹೇಳುತ್ತಾರೆ, ವಿರೋಧಿಸುವವರ ವಾದ ಏನು. ಕೊನೆಯಲ್ಲಿ ಬೆಂಬಲಿಸಿದವರ, ವಿರೋಧಿಸಿದವರ ಹೆಸರಿನ ಪಟ್ಟಿ. ನಾನು ಕೊನೆಯ ಪುಟವನ್ನೇ ಮೊದಲು ಓದುತ್ತೇನೆ. ಮನೆ ಅಡುಗೆಯ ಬಿಲ್‌ಗೆ ಯಾರು ಅಡ್ಡ ನಿಂತಿದ್ದಾರೆ ಅಂತ ನೋಡಿದರೆ ಜಗಳ ಯಾವುದರ ಬಗ್ಗೆ ಅಂತ ಅರ್ಧ ತಿಳಿಯುತ್ತದೆ.

ಸೈಟ್ ಹೇಳದೆ ಇರುವುದೂ ಇದೆ. ಖರ್ಚು ಜಾಸ್ತಿ ತರುವ ಬಿಲ್‌ಗಳನ್ನು ಅಪ್ರೋಪ್ರಿಯೇಷನ್ಸ್ ಕಮಿಟಿ, ಅಂದರೆ ಖರ್ಚು ನೋಡುವ ಕಮಿಟಿ, 'ಸಸ್ಪೆನ್ಸ್ ಫೈಲ್' ಅನ್ನುವ ಕಾಯುವ ಪಟ್ಟಿಯಲ್ಲಿ ಇಡುತ್ತದೆ. ಆಮೇಲೆ ಒಂದೇ ದಿನ ನೂರಾರು ಬಿಲ್‌ಗಳ ಹಣೆಬರಹ ಚಕಚಕ ಓದಿ ಮುಗಿಸುತ್ತಾರೆ. ಹಿಸ್ಟರಿಯಲ್ಲಿ 'ಹೆಲ್ಡ್ ಅಂಡರ್ ಸಬ್‌ಮಿಷನ್' ಅಂತ ಬಂದರೆ ಬಿಲ್ ಅಲ್ಲಿಗೆ ನಿಂತಿತು. ಯಾಕೆ ಅಂತ ಒಂದು ಮಾತೂ ಇರುವುದಿಲ್ಲ. ಇದು ಸೈಟಿನ ತಪ್ಪಲ್ಲ, ಶಾಸಕಾಂಗದ ಪದ್ಧತಿಯೇ ಹಾಗೆ. ಆದರೆ ತಿಂಗಳುಗಟ್ಟಲೆ ಹಿಂದೆ ಬಿದ್ದವರಿಗೆ ಕಾರಣ ತಿಳಿಯುವ ಹಕ್ಕಿದೆ. ಇದು ಬದಲಾಗಬೇಕು.

ಫೆಬ್ರವರಿಯಲ್ಲಿ ಮಂಡನೆಗೆ ಕೊನೆಯ ದಿನ ಹತ್ತಿರ ಬಂದಾಗ ಬಿಲ್‌ಗಳ ರಾಶಿಯೇ ಬರುತ್ತದೆ. ಅದರಲ್ಲಿ ಎಷ್ಟೋ 'ಸ್ಪಾಟ್ ಬಿಲ್'. ಒಂದೆರಡು ಪದ ಆಚೆ ಈಚೆ ಮಾಡಿ ಜಾಗ ಹಿಡಿದಿಟ್ಟಿರುತ್ತಾರೆ, ನಿಜವಾದ ವಿಷಯ ಆಮೇಲೆ ತುಂಬುತ್ತಾರೆ. ಡೈಜೆಸ್ಟ್‌ನಲ್ಲಿ, ಅಂದರೆ ಬಿಲ್ಲಿನ ಜೊತೆ ಇರುವ ಸಾರಾಂಶದಲ್ಲಿ, 'ನಾನ್‌ಸಬ್‌ಸ್ಟ್ಯಾಂಟಿವ್' (ಅರ್ಥ ಬದಲಾಗದ ತಿದ್ದುಪಡಿ) ಅನ್ನುವ ಪದ ಕಂಡರೆ ಬಿಟ್ಟುಬಿಡಬೇಡಿ, ಅಂಥವುಗಳ ಮೇಲೇ ಕಣ್ಣಿಡಿ. ಲಾಗಿನ್ ಮಾಡಿಕೊಂಡು ಬಿಲ್ಲಿಗೆ ಸಬ್‌ಸ್ಕ್ರೈಬ್ ಆದರೆ ಏನಾದರೂ ಬದಲಾದಾಗ ಈಮೇಲ್ ಬರುತ್ತದೆ. 2016ರಲ್ಲಿ ಜನರೇ ಮತ ಹಾಕಿ ಪಾಸ್ ಮಾಡಿದ ಪ್ರೊಪೊಸಿಷನ್ 54ರಿಂದಾಗಿ, ಕೊನೆಯ ಮತಕ್ಕೆ 72 ಗಂಟೆ ಮುಂಚೆ ಬಿಲ್ಲಿನ ಅಂತಿಮ ರೂಪ ಆನ್‌ಲೈನ್‌ನಲ್ಲಿ ಇರಲೇಬೇಕು. ಹಾಗಾಗಿ ಕಡೇ ಗಳಿಗೆಯಲ್ಲಿ ತಿದ್ದಿದ್ದೂ ಕಣ್ಣಿಗೆ ಬೀಳುತ್ತದೆ.

ಇದೆಲ್ಲ ತಾನಾಗಿ ಬಂದ ಸೌಲಭ್ಯ ಅಲ್ಲ. 1993ರಲ್ಲಿ ಅಸೆಂಬ್ಲಿ ಸದಸ್ಯೆ ಡೆಬ್ರಾ ಬೋವೆನ್ ಎಬಿ 1624 ತಂದು, ಬಿಲ್‌ಗಳ ಮಾಹಿತಿಯನ್ನು ಇಂಟರ್ನೆಟ್‌ನಲ್ಲಿ ಜನರಿಗೆ ಕೊಡಬೇಕು ಅಂತ ಕಾಯ್ದೆ ಮಾಡಿಸಿದರು. ಮನೆಗಳಲ್ಲಿ ಇಂಟರ್ನೆಟ್ಟೇ ಅಪರೂಪವಾಗಿದ್ದ ಕಾಲ ಅದು. ಆ ಹೆಣ್ಣುಮಗಳ ದೂರದೃಷ್ಟಿಗೆ ನನ್ನ ನಮಸ್ಕಾರ.

ಬಳಸುವವರಿಗೆ ಎರಡು ಮಾತು. ಬಿಲ್ ನಂಬರ್‌ಗಳು ಎರಡು ವರ್ಷದ ಪ್ರತಿ ಅಧಿವೇಶನಕ್ಕೂ ಹೊಸದಾಗಿ ಶುರುವಾಗುತ್ತವೆ, ಹಾಗಾಗಿ ಎಬಿ 626 ಅನ್ನುವ ನಂಬರಿನ ಬಿಲ್ ಒಂದೇ ಇಲ್ಲ. ನನ್ನದು ಬೇಕಿದ್ದರೆ 2017–18 ಆರಿಸಿ. ಇನ್ನು ಕಮಿಟಿಗೆ ಪತ್ರ ಕಳಿಸುವುದಾದರೆ ವಿಚಾರಣೆಗೆ ಒಂದು ವಾರ ಮುಂಚೆಯೇ ಕಳಿಸಿ. ತಡವಾದರೆ ಆ ಟಿಪ್ಪಣಿಯ ಕೊನೆಯ ಪುಟದಲ್ಲಿ ನಿಮ್ಮ ಹೆಸರು ಬರುವುದು ಕಷ್ಟ.