ಕೆಲಸದ ಎಟಿವಿ: ಎಂಜಿನ್ ಗಟ್ಟಿ, ಬೂಟುಗಳದ್ದೇ ಗೋಳು

ಎಟಿವಿ ಅಂದರೆ ಹ್ಯಾಂಡಲ್ ಹಿಡಿದು, ಬೈಕಿನಂತೆ ಕೂತು ಓಡಿಸುವ ನಾಲ್ಕು ಚಕ್ರದ ಗಾಡಿ. ಫೋರ್ ವೀಲ್ ಡ್ರೈವ್ ಇದ್ದು, ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಇರುವ ಎಟಿವಿಯ ಹೊಟ್ಟೆಯಡಿ ಎಂಟು ರಬ್ಬರ್ ಬೂಟುಗಳಿರುತ್ತವೆ. ಚಕ್ರಕ್ಕೊಂದು ಆಕ್ಸಲ್, ಆಕ್ಸಲ್‌ನ ಎರಡೂ ತುದಿಗೆ ಒಂದೊಂದು ಸಿವಿ ಜಾಯಿಂಟ್ (ಚಕ್ರ ವಾಲಿದರೂ, ಮೇಲೆ ಕೆಳಗಾದರೂ ಶಕ್ತಿ ದಾಟಿಸುವ ಕೀಲು), ಪ್ರತಿ ಜಾಯಿಂಟಿಗೂ ಗ್ರೀಸ್ ಹಿಡಿದಿಟ್ಟು ಕೆಸರು ತಡೆಯುವ ಒಂದು ಬೂಟು. ಮಾರುವವರು ಸಿಸಿ ಹೇಳುತ್ತಾರೆ, ಎಷ್ಟು ಭಾರ ಎಳೆಯುತ್ತದೆ ಹೇಳುತ್ತಾರೆ, ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ತೋರಿಸುತ್ತಾರೆ. ಈ ಎಂಟರ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಕೆಲವು ಮಳೆಗಾಲ ಗಾಡಿಯನ್ನು ಜಮೀನಿನಲ್ಲಿ ದುಡಿಸಿದ ಮೇಲೆ ನನಗೆ ಬರೆಯಬೇಕು ಅನ್ನಿಸಿದ್ದು ಮುಖ್ಯವಾಗಿ ಇದನ್ನೇ.

ನನ್ನದು 500 ಸಿಸಿ ಆಸುಪಾಸಿನ, ಸ್ಕೂಟರಿನಂತೆ ಬೆಲ್ಟ್ ಡ್ರೈವ್ ಇರುವ ಮಧ್ಯಮ ದರ್ಜೆಯ ಗಾಡಿ. ಉಳಿದ ವಿವರ ಕಂಪನಿಯ ಕರಪತ್ರದಲ್ಲೇ ಇದೆ. ಕೆಲಸ ಇಷ್ಟು: ಬೇಲಿ ಕಂಬ, ತಂತಿ ಸುರುಳಿ ಹೊತ್ತು ಹೋಗುವುದು, ಚಿಕ್ಕ ಟ್ರೇಲರ್‌ನಲ್ಲಿ ಗೊಬ್ಬರ ಮೇವು ಎಳೆಯುವುದು, ಕಳೆಗೆ ಔಷಧಿ ಹೊಡೆಯುವುದು, ಮಳೆ ಬಂದಾಗ ಕಾಲಿಡಲೂ ಆಗದ ಜಾಗಕ್ಕೆ ಹೋಗಿ ನೀರಿನ ಪೈಪು ನೋಡಿ ಬರುವುದು. ಮೋಜಿಗೆ ಓಡಿಸುವವರಿಗೆ ಈ ಬರಹದಿಂದ ಉಪಯೋಗ ಕಡಿಮೆ.

ಮೊದಲ ಬೂಟು ಹರಿದದ್ದು ಕಡಿದ ಪೊದೆಯ ಮೊಂಡು ಬುಡ ತಾಗಿ. ಹರಿದದ್ದು ಓಡಿಸುವಾಗ ಗೊತ್ತೇ ಆಗುವುದಿಲ್ಲ, ಶಬ್ದವಿಲ್ಲ, ಎಳೆತದಲ್ಲಿ ವ್ಯತ್ಯಾಸವಿಲ್ಲ. ಸಂಜೆ ತೊಳೆಯುವಾಗ ಮುಂದಿನ ಎಡ ಚಕ್ರದ ಒಳಮೈಯಲ್ಲಿ, ಸಸ್ಪೆನ್ಷನ್ ತೋಳಿನ ಮೇಲೆ, ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಮೇಲೆಲ್ಲ ಕಪ್ಪು ಗ್ರೀಸ್ ಎರಚಿದಂತೆ ಬಿದ್ದಿತ್ತು. ಆಕ್ಸಲ್ ತಿರುಗುವ ರಭಸಕ್ಕೆ ಒಳಗಿನ ಗ್ರೀಸೆಲ್ಲ ಹೊರಗೆ ಚಿಮ್ಮಿಬಿಟ್ಟಿರುತ್ತದೆ. ಅದು ಹೋದ ಜಾಗಕ್ಕೆ ಕೆಸರು, ಮರಳು ಸೇರುತ್ತವೆ. ಜಾಯಿಂಟಿನ ಒಳಗಿರುವುದು ಉಕ್ಕಿನ ಗುಂಡುಗಳು; ಅವು ಓಡಾಡುವ ಜಾಡನ್ನು ಮರಳು ಅರೆದು ಹಾಕುತ್ತದೆ. ಆಮೇಲೆ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಅನ್ನುತ್ತದೆ. ಆ ಸದ್ದು ಬಂತೆಂದರೆ ಬರೀ ಬೂಟು ಬದಲಿಸಿ ಪ್ರಯೋಜನವಿಲ್ಲ, ಜಾಯಿಂಟೇ ಹೋಗಿರುತ್ತದೆ.

ನನ್ನದು ಇನ್ನೂ ಸದ್ದು ಮಾಡುವ ಹಂತಕ್ಕೆ ಬಂದಿರಲಿಲ್ಲ. ಬೂಟು ಬದಲಿಸಿ, ಗ್ರೀಸ್ ತುಂಬಿದರೆ ಮುಗಿಯುತ್ತಿತ್ತು. ಸರ್ವಿಸ್ ಸೆಂಟರ್‌ನವರು ಹೇಳಿದ್ದೇ ಬೇರೆ: "ಬೂಟ್ ಬಿಡಿಯಾಗಿ ಬರಲ್ಲ ಸಾರ್, ಆಕ್ಸಲ್ ಫುಲ್ ಚೇಂಜ್ ಮಾಡ್ಬೇಕು." ಅಂಗೈಯಲ್ಲಿ ಹಿಡಿಯುವ ರಬ್ಬರ್ ತುಂಡಿಗಾಗಿ ಇಡೀ ಆಕ್ಸಲ್! ಅದೂ ಸ್ಟಾಕ್ ಇಲ್ಲ, ಆರ್ಡರ್ ಹಾಕಿ ಕಾಯಬೇಕು. ಗಾಡಿ ಕೊಂಡಾಗ ಇವರೇ ಬಿಡಿಭಾಗಕ್ಕೆ ಚಿಂತೆಯೇ ಬೇಡ ಅಂದಿದ್ದು. ಈ ವಿಮರ್ಶೆ ಅದೇ ವಾರ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ.

ಬೇರೆ ಕಂಪನಿಗಳು ಮಾಡುವ ಬೂಟ್ ಕಿಟ್ ಬಿಡಿಯಾಗಿ ಸಿಗುತ್ತದೆ: ಬೂಟು, ಎರಡು ಕ್ಲ್ಯಾಂಪು, ಒಂದು ಪೊಟ್ಟಣ ಗ್ರೀಸ್, ಹೊಸ ಸರ್ಕ್ಲಿಪ್ (ಆಕ್ಸಲ್ ಕಳಚದಂತೆ ಹಿಡಿಯುವ ಉಂಗುರದಂಥ ಕ್ಲಿಪ್ಪು). ಮೊದಲ ಸಲ ಗೊತ್ತಿದ್ದ ಮೆಕ್ಯಾನಿಕ್ ಒಬ್ಬರು ಜೊತೆಗೆ ಕೂತು ಮಾಡಿಸಿದರು. ಈಗ ನಾನೇ ಮಾಡುತ್ತೇನೆ, ನಿಜ ಹೇಳಬೇಕೆಂದರೆ ಈ ಕೆಲಸ ಇಷ್ಟವೂ ಆಗಿದೆ. ಚಕ್ರ ಬಿಚ್ಚಿ, ಹಬ್ (ಚಕ್ರ ಕೂರುವ ಭಾಗ) ನಟ್ಟಿನ ಸ್ಪ್ಲಿಟ್ ಪಿನ್ ಎಳೆದು, ನಟ್ಟು ತೆಗೆದು, ಮೇಲಿನ ಬಾಲ್ ಜಾಯಿಂಟ್ ಬಿಡಿಸಿದರೆ ಹಬ್ ಪಕ್ಕಕ್ಕೆ ವಾಲುತ್ತದೆ. ಆಕ್ಸಲ್‌ನ ಒಳತುದಿಯನ್ನು ಡಿಫರೆನ್ಷಿಯಲ್‌ನಲ್ಲಿ (ಎಡ, ಬಲ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಡಿದಿಟ್ಟಿರುವುದು ಒಂದು ಸರ್ಕ್ಲಿಪ್ ಮಾತ್ರ. ಮೆಲ್ಲಗೆ ಎಳೆದರೆ ಬಗ್ಗುವುದಿಲ್ಲ. ನೇರವಾಗಿ ಹಿಡಿದು ಒಂದೇ ಸಲ ಜಗ್ಗಬೇಕು, ಪಟ್ಟಂತ ಕಳಚಿ ಕೈಗೆ ಬರುತ್ತದೆ. ಹಳೆ ಗ್ರೀಸನ್ನು ಒರೆಸಿ ಒರೆಸಿ ತೆಗೆದು, ಗುಂಡುಗಳ ನಡುವೆ ಹೊಸದನ್ನು ಬೆರಳಿನಿಂದ ಒತ್ತಿ ತುಂಬಬೇಕು. ಕೊನೆಯಲ್ಲಿ ಆ ಮೆಕ್ಯಾನಿಕ್ ಕಲಿಸಿಕೊಟ್ಟ ಒಂದು ಕೆಲಸ: ಕ್ಲ್ಯಾಂಪು ಬಿಗಿಯುವ ಮೊದಲು ಬೂಟಿನ ಸಣ್ಣ ಬಾಯಿಗೆ ತೆಳ್ಳನೆಯ, ಮೊಂಡು ತುದಿಯ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿ ಉಸ್ಸೆಂದು ಹೋಗಲು ಬಿಡುವುದು. ಗಾಳಿ ಉಳಿದರೆ ಬೂಟು ಬಲೂನಿನಂತೆ ಉಬ್ಬಿ ನಿಲ್ಲುತ್ತದೆ, ಅಲ್ಲಿಲ್ಲಿ ಉಜ್ಜಿ ಬೇಗ ಹರಿಯುತ್ತದೆ.

ಬೂಟಿಗೆ ರಕ್ಷಣೆಯಾಗಿ ಸಸ್ಪೆನ್ಷನ್ ತೋಳಿಗೆ ಗಾರ್ಡ್ ಬರುತ್ತದೆ. ನನ್ನ ಗಾಡಿಗೆ ಅದು ಬೇರೆಯಾಗಿ ಕೊಳ್ಳಬೇಕಾದ ಆಕ್ಸೆಸರಿ. ಹಾಕಿಸಿದ ಮೇಲೆ ಮುಂದಿನ ಬೂಟುಗಳಿಗೆ ಏನೂ ಆಗಿಲ್ಲ. ಕೆಲಸದ ಗಾಡಿ ಅಂತ ಹೆಸರಿಟ್ಟು ಮಾರುವವರು ಇದನ್ನು ಮೊದಲೇ ಹಾಕಿ ಕೊಡಬೇಕು. ಕ್ರೋಮ್ ಸ್ಟಿಕ್ಕರ್ ಯಾರಿಗೆ ಬೇಕಿತ್ತು?

ಬೂಟುಗಳ ಲೆಕ್ಕ ತಲೆಗೆ ಹತ್ತಿದ ಮೇಲೆ ಉಳಿದ ಗಾಡಿಗಳನ್ನು ನೋಡುವ ರೀತಿಯೇ ಬದಲಾಯಿತು. ಹೋಂಡಾ 1986ರಲ್ಲಿ ಟಿಆರ್‌ಎಕ್ಸ್350 ತಂದು ಫೋರ್ ವೀಲ್ ಡ್ರೈವ್ ಎಟಿವಿಗೆ ದಾರಿ ಮಾಡಿತು. ಅದೇ ಕಂಪನಿಯ ರಾಂಚರ್ 420ರ ಫೋರ್ ವೀಲ್ ಡ್ರೈವ್ ಇರುವ ಸಾದಾ ಮಾದರಿಗಳಲ್ಲಿ ಇವತ್ತಿಗೂ ಹಿಂದೆ ಇಡಿಯಾದ ಗಟ್ಟಿ ಆಕ್ಸಲ್ಲೇ. ಹಿಂದೆ ಸಿವಿ ಜಾಯಿಂಟೇ ಇಲ್ಲದ್ದರಿಂದ ಬೂಟು ನಾಲ್ಕೇ. ಬೆಲ್ಟೂ ಇಲ್ಲ, ಗೇರ್ ಬಾಕ್ಸೇ. ಆದರೆ ಆ ಗಾಡಿಯಲ್ಲಿ ಗುಂಡಿ ಬಿದ್ದ ಹೊಲದ ಮೇಲೆ ಅರ್ಧ ದಿನ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ, ಒಂದು ಚಕ್ರ ಕಲ್ಲು ಹತ್ತಿದರೆ ಹಿಂಭಾಗವೆಲ್ಲ ಒಟ್ಟಿಗೆ ವಾಲುತ್ತದೆ. ನನ್ನ ಸೊಂಟಕ್ಕೆ ಎಂಟು ಬೂಟೇ ಸರಿ. ಕಲ್ಲು ಕಡಿಮೆ ಇರುವ, ಸಮತಟ್ಟಾದ ಜಮೀನಿದ್ದವರು ಗಟ್ಟಿ ಆಕ್ಸಲ್‌ನ ಗಾಡಿಯನ್ನು ಹಳೆಯ ತಂತ್ರಜ್ಞಾನ ಅಂತ ಮೂಗು ಮುರಿಯದೆ ಒಮ್ಮೆ ಓಡಿಸಿ ನೋಡಿ.

ಇಷ್ಟೆಲ್ಲ ಬೈದರೂ ಗಾಡಿ ಮಾರಿಲ್ಲ, ಅದಕ್ಕೆ ಕಾರಣ ಇಳಿಜಾರು. ಹತ್ತುವ ಶಕ್ತಿ ನೋಡಿ ಕೊಂಡೆ, ಇಳಿಯುವ ನೆಮ್ಮದಿ ಬೋನಸ್ಸಾಗಿ ಸಿಕ್ಕಿತು. ಲೋ ರೇಂಜಿಗೆ (ನಿಧಾನ ಓಟದ, ಹೆಚ್ಚು ಎಳೆತದ ಗೇರು) ಹಾಕಿ, ಫೋರ್ ವೀಲ್ ಗುಂಡಿ ಒತ್ತಿ, ಥ್ರಾಟಲ್‌ನಿಂದ (ಆಕ್ಸಿಲರೇಟರ್) ಹೆಬ್ಬೆರಳು ತೆಗೆದರೆ ಸಾಕು, ಎಂಜಿನ್ ತಾನೇ ನಾಲ್ಕೂ ಚಕ್ರವನ್ನು ಹಿಡಿದುಕೊಂಡು ನಿಧಾನಕ್ಕೆ ಇಳಿಸುತ್ತದೆ. ಒದ್ದೆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಲಾಕಾಗಿ ಜಾರುತ್ತದೆ; ಹೀಗೆ ಇಳಿದರೆ ಆ ಭಯ ಬಹಳ ಕಡಿಮೆ. ಎಲ್ಲ ಗಾಡಿಯೂ ಹೀಗಲ್ಲ, ಇದನ್ನು ಕೇಳಿಯೇ ಕೊಳ್ಳಿ. ಹಿಂದಿನ ಚಕ್ರ ಜಾರಿದಾಗ ಮಾತ್ರ ಮುಂದಿನದಕ್ಕೆ ಶಕ್ತಿ ಹೋಗುವ ಆನ್ ಡಿಮಾಂಡ್ ವ್ಯವಸ್ಥೆಯಲ್ಲಿ ಇಳಿಯುವಾಗ ಮುಂದಿನ ಚಕ್ರಗಳು ಸಾಮಾನ್ಯವಾಗಿ ಸುಮ್ಮನೆ ಉರುಳುತ್ತವೆ, ಹಿಡಿತವೆಲ್ಲ ಹಿಂದಿನದ್ದೇ. ಯಮಹಾದ ಅಲ್ಟ್ರಾಮ್ಯಾಟಿಕ್ ಬೆಲ್ಟ್ ಡ್ರೈವ್‌ಗೆ ಕೆಲಸದವರ ನಡುವೆ ಒಳ್ಳೆಯ ಹೆಸರು ಬಂದಿರುವುದು ಈ ಎಂಜಿನ್ ಬ್ರೇಕಿಂಗ್‌ನಿಂದಲೂ ಹೌದು.

ಔಷಧಿ ಟ್ಯಾಂಕ್ ಹೊತ್ತಿರುವಾಗ ಮಾತ್ರ ಈ ನೆಮ್ಮದಿಯನ್ನು ನಂಬಬೇಡಿ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತಗ್ಗಿನ ಕಡೆಗೆ ನುಗ್ಗಿ ಗಾಡಿಯನ್ನು ತನ್ನ ಜೊತೆ ಎಳೆಯುತ್ತದೆ. ಇಳಿಜಾರಿಗೆ ಅಡ್ಡಲಾಗಿ ಹೋಗುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ, ಮಗುಚಿದಾಗ ಸವಾರನನ್ನು ಕಾಯುವ ಕಮಾನು ಇಲ್ಲದೆ ಕೆಲಸದ ಹೊಸ ಕ್ವಾಡ್ (ಎಟಿವಿಗೆ ಅಲ್ಲಿನ ಹೆಸರು) ಮಾರುವಂತಿಲ್ಲ. ಒಂಟಿ ಸೀಟಿನ ಗಾಡಿಯಲ್ಲಿ ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು ಅನ್ನುವುದೂ ಇದೇ ಮಗುಚುವ ಭಯಕ್ಕೆ. ರ್‍ಯಾಕು ಇರುವುದು ಸಾಮಾನಿಗೆ.

ದಿನದ ಕೊನೆಯ ಕೆಲಸ ತೊಳೆಯುವುದು. ಪ್ರೆಶರ್ ವಾಷರ್ ಬೇಡ, ಅದರ ರಭಸಕ್ಕೆ ಸೀಲ್ ದಾಟಿ ಬೇರಿಂಗಿಗೆ ನೀರು ಹೋಗುತ್ತದೆ, ರೇಡಿಯೇಟರಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಸಾದಾ ಪೈಪು ಸಾಕು. ಎಂಜಿನ್ ಆರಿದ ಮೇಲೆ ರೇಡಿಯೇಟರಿಗೆ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟರೆ ಸಿಕ್ಕಿಕೊಂಡ ಹುಲ್ಲಿನ ಬೀಜ, ಧೂಳು ಬಂದ ದಾರಿಯಲ್ಲೇ ಉದುರುತ್ತವೆ. ಆಮೇಲೆ ಮಂಡಿಯೂರಿ ಎಂಟೂ ಬೂಟುಗಳ ಮಡಿಕೆಗಳ ಮೇಲೆ ಬೆರಳು ಓಡಿಸುತ್ತೇನೆ. ಸಣ್ಣ ಸೀಳಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಜಿಡ್ಡು ಹತ್ತುತ್ತದೆ. ಟಯರಿನ ಗಾಳಿಗೆ ಕಾರಿನ ಗೇಜು ಕೆಲಸಕ್ಕೆ ಬಾರದು. ಇಲ್ಲಿ ಬೇಕಿರುವುದು 5 ಪಿಎಸ್‌ಐ ಆಸುಪಾಸು, ಒಂದೇ ಪಿಎಸ್‌ಐ ಹೆಚ್ಚುಕಮ್ಮಿಯಾದರೂ ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆ. ಕಡಿಮೆ ಒತ್ತಡದ ಗೇಜನ್ನು ಸೀಟಿನ ಕೆಳಗೇ ಇಟ್ಟುಕೊಂಡಿದ್ದೇನೆ.

ಬೆಲ್ಟ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಭಾರ ಎಳೆಯುವಾಗ, ನಿಧಾನ ಓಡಿಸುವಾಗ ಲೋ ರೇಂಜ್‌ನಲ್ಲೇ ಇರುವುದರಿಂದ ನನಗೆ ಅದು ತೊಂದರೆ ಕೊಟ್ಟಿಲ್ಲ. ಪವರ್ ಸ್ಟೀರಿಂಗ್ ಐಷಾರಾಮ ಅಂದುಕೊಂಡವರು ಫೋರ್ ವೀಲ್‌ನಲ್ಲಿ ಕಲ್ಲುಗಳ ನಡುವೆ ಒಂದು ಗಂಟೆ ಓಡಿಸಲಿ. ನನಗಿರುವ ಇನ್ನೊಂದು ತಕರಾರು ಹೆಬ್ಬೆರಳಿನ ಥ್ರಾಟಲ್ಲು: ಔಷಧಿ ಹೊಡೆಯುವಾಗ ಒಂದೇ ಹದದಲ್ಲಿ ಒತ್ತಿ ಹಿಡಿದು ಹಿಡಿದು ರಾತ್ರಿ ಹೆಬ್ಬೆರಳ ಬುಡ ಜುಮ್ಮೆನ್ನುತ್ತದೆ.

ನಾಲ್ಕು ಸ್ಟಾರ್ ಕೊಡುತ್ತೇನೆ, ಗಾಡಿಗೆ. ಸರ್ವಿಸ್ ಸೆಂಟರಿಗೆ ಕೊಡಲು ಏನೂ ಉಳಿದಿಲ್ಲ. ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರು ಎಂಜಿನ್ ಸದ್ದು ಕೇಳುವ ಮೊದಲು ಫೋರ್ ವೀಲ್‌ಗೆ ಹಾಕಿ, ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿಸಿ, ಮಣ್ಣಿನ ನೆಲದ ಮೇಲೆ ಮೆಲ್ಲಗೆ ಒಂದು ಸುತ್ತು ಹೊಡೆಯಿರಿ. ಇನ್ನೊಂದು ಕಡೆಗೂ ಹಾಗೇ. ಟಕ್ ಟಕ್ ಕೇಳಿಸಿದರೆ ಆಕ್ಸಲ್‌ನ ಖರ್ಚು ಕಳೆದು ಬೆಲೆ ಮಾತಾಡಿ.